ವಂಕಿಯ ದಾರ ಕೈಗೆ ಸಿಗದಿದ್ದರೆ ಏನು ಮಾಡಬೇಕು

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಏನು ಮಾಡಬೇಕು ಅನ್ನೋದು ಆಮೇಲೆ.

ದೊಡ್ಡ ಮಗಳಿಗೆ ಐದು ತಿಂಗಳಿದ್ದಾಗ ವಂಕಿ ಹಾಕಿಸಿಕೊಂಡೆ. ವಂಕಿ ಅಂದರೆ ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ ಕಾಪರ್ ಟಿ, ಹಳಬರ ಬಾಯಲ್ಲಿ ಲೂಪ್. ಆಗಿನ್ನೂ ಶಿರಸಿ ಹತ್ತಿರದ ತವರಿನಲ್ಲಿದ್ದೆ. ಹಾಕುವಾಗ ಒಂದು ಕ್ಷಣ ಜೋರಾಗಿ ನೋವು ಬಂತು, ಮೈ ಬೆವತಿತು, ಅರ್ಧ ಗಂಟೆ ಮಲಗಿಸಿ ಕಳಿಸಿದರು. ಒಂದೂವರೆ ತಿಂಗಳ ನಂತರ ತೋರಿಸಲು ಹೋದರೆ ವಂಕಿಯಿಂದ ಕೆಳಗೆ ಇಳಿದಿರಬೇಕಾದ ದಾರ ಕಾಣಲಿಲ್ಲ. "ಬಿದ್ದು ಹೋಗಿರಬೇಕು, ಮುಟ್ಟಿನಲ್ಲಿ ನಿಮಗೆ ಗೊತ್ತಾಗಿಲ್ಲ" ಅಂದರು. ನಾನೂ ಹೂಂ ಅಂದೆ, ಮನೆಗೆ ಬಂದೆ. ಆಮೇಲೆ ಕುಮಟಾದಲ್ಲಿ ಗಂಡನ ಮನೆ, ಎರಡನೆಯ ಬಸಿರು, ಎರಡನೆಯ ಮಗಳು. ಬಸಿರಿನ ಸ್ಕ್ಯಾನಿಂಗ್‌ನಲ್ಲೂ ಏನೂ ಸಿಗಲಿಲ್ಲ, ಅವರು ನೋಡುತ್ತಿದ್ದದ್ದು ಕೂಸನ್ನು ತಾನೆ.

ನಾಲ್ಕು ವರ್ಷ ಕಳೆದ ಮೇಲೆ ಒಂದು ಮಳೆಗಾಲ, ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದೆ. ಸೊಂಟದ ಎಕ್ಸ್‌ರೇ ತೆಗೆದ ಹುಡುಗ ಹೊರಗೆ ಬಂದು "ಅಕ್ಕಾ, ಕಾಪರ್ ಟಿ ಹಾಕಿಸಿಕೊಂಡಿದ್ದೀರಾ?" ಅಂತ ಕೇಳಿದ. ಇತ್ತು, ಬಿದ್ದು ಹೋಗಿದೆ ಅಂದೆ. ಅವನು ಏನೂ ಮಾತಾಡದೆ ಫಿಲ್ಮನ್ನು ಬೆಳಕಿಗೆ ಹಿಡಿದ. ಸೊಂಟದ ಎಲುಬಿನ ಬಲಗಡೆ, ಅಡ್ಡ ಮಲಗಿದ ಒಂದು ಬಿಳಿ ಟಿ. ಅಷ್ಟು ವರ್ಷವೂ ಅದು ನನ್ನ ಹೊಟ್ಟೆಯಲ್ಲೇ ಇತ್ತು, ಗರ್ಭಕೋಶದ ಹೊರಗೆ.

ನಾನು ಡಾಕ್ಟರ್ ಅಲ್ಲ. ಆದರೆ ಅದನ್ನು ತೆಗೆಸಿಕೊಂಡು ಬರುವಷ್ಟರಲ್ಲಿ ಕೇಳಿ ಕೇಳಿ ಕಲಿತದ್ದು ಸಾಕಷ್ಟಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ದಾರ ಕಾಣಲಿಲ್ಲ ಅಂದರೆ ವಂಕಿ ಬಿದ್ದಿದೆ ಅಂತ ಅಲ್ಲ. ಬಿದ್ದದ್ದನ್ನು ನೀವು ಕಣ್ಣಾರೆ ನೋಡಿರಬೇಕು, ಇಲ್ಲವಾದರೆ ಹುಡುಕಿಸಬೇಕು.

ಇದನ್ನು ಓದಿ ಹೆದರಿ ನಾಳೆಯೇ ತೆಗೆಸಿಕೊಳ್ಳಲು ಓಡಬೇಡಿ. ಗರ್ಭಕೋಶ ತೂತಾಗಿ ವಂಕಿ ಹೊರಗೆ ಹೋಗುವುದು ಸಾವಿರದಲ್ಲಿ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. ಎರಡನೆಯ ಹೆರಿಗೆ ಆದ ಮೇಲೆ, ಆ ಹಳೆಯದು ಒಳಗಿರುವುದು ಗೊತ್ತಾಗಿ ತೆಗೆಸಿದ ಮೇಲೆ, ನಾನೇ ಮತ್ತೊಂದು ಹಾಕಿಸಿಕೊಂಡೆ. ಅದು ಇವತ್ತಿಗೂ ಸುಮ್ನೆ ತನ್ನ ಪಾಡಿಗೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ, ಕಾಪರ್ ಟಿಯಲ್ಲಿ 380 ಎ ಅನ್ನುವ ಬಗೆ 10 ವರ್ಷ ನಡೆಯುತ್ತದೆ, ದಿನಾ ಗುಳಿಗೆ ನೆನಪಿಡುವ ಕಾಟ ಇಲ್ಲ. ಒಳ್ಳೆಯ ವಸ್ತುವೇ. ಅದರ ಮೇಲೆ ಒಂದು ಕಣ್ಣಿಟ್ಟಿರಬೇಕು, ಅಷ್ಟೇ.

ಹಾಕಿಸಿಕೊಳ್ಳುವ ಮೊದಲು

ಹಾಲೂಡಿಸುವ ತಾಯಂದಿರು ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಹಾಲು ಕುಡಿಸುವ ಕಾಲದಲ್ಲಿ ಗರ್ಭಕೋಶ ಚಿಕ್ಕದಾಗಿ, ಗೋಡೆ ತೆಳ್ಳಗಾಗಿ, ಮೆತ್ತಗೆ ಇರುತ್ತದೆ. ಯುರೋಪಿನಲ್ಲಿ 60 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದ ಒಂದು ದೊಡ್ಡ ಅಧ್ಯಯನದಲ್ಲಿ, ಹಾಲೂಡಿಸುವಾಗ ಹಾಕಿಸಿಕೊಂಡವರಲ್ಲಿ ತೂತಾಗುವ ಸಾಧ್ಯತೆ ಉಳಿದವರಿಗಿಂತ ಸುಮಾರು ಆರು ಪಟ್ಟು ಇತ್ತು. ಆರು ಪಟ್ಟು ಅಂದ ತಕ್ಷಣ ಎದೆ ಧಸಕ್ಕೆನ್ನುತ್ತದೆ, ಆದರೆ ಸಾವಿರಕ್ಕೆ ಒಂದರ ಆರು ಪಟ್ಟು ಅಂದರೂ ಸಾವಿರಕ್ಕೆ ಬೆರಳೆಣಿಕೆಯಷ್ಟೇ. ಹಾಗಾಗಿ ಹಾಲೂಡಿಸುವವರು ಹಾಕಿಸಿಕೊಳ್ಳಬಾರದು ಅಂತ ಯಾರೂ ಹೇಳುವುದಿಲ್ಲ. ನುರಿತ ಕೈಯಲ್ಲಿ ಹಾಕಿಸಿಕೊಳ್ಳಿ, ಆಮೇಲೆ ತೋರಿಸುವುದನ್ನು ತಪ್ಪಿಸಬೇಡಿ ಅಂತ ಮಾತ್ರ ಹೇಳುತ್ತಾರೆ.

ಹಾಕುವವರಿಗೆ ಮೂರು ವಿಷಯ ಹೇಳಿ, ಅವರು ಕೇಳದಿದ್ದರೂ ಹೇಳಿ: ಕೂಸಿಗೆ ಎಷ್ಟು ತಿಂಗಳು, ಹಾಲು ಕುಡಿಸುತ್ತಿದ್ದೀರಾ, ಮೊದಲು ಸಿಸೇರಿಯನ್ ಆಗಿದೆಯಾ. ವಿಲ್ಸನ್ ಕಾಯಿಲೆ ಅಂತ ಒಂದಿದೆ, ಮೈಯಲ್ಲಿ ತಾಮ್ರ ಸೇರಿಕೊಳ್ಳುವ ಅಪರೂಪದ ಕಾಯಿಲೆ. ಅದಿದ್ದವರಿಗೆ, ತಾಮ್ರ ಒಗ್ಗದವರಿಗೆ ಕಾಪರ್ ಟಿ ಬೇಡ. ಮೈಯಲ್ಲಿ ಅಸಹಜ ಬಿಳಿಸೆರಗು, ಕೆಳಹೊಟ್ಟೆ ನೋವು ಇದ್ದರೆ ಮೊದಲು ಅದಕ್ಕೆ ಔಷಧಿ, ವಂಕಿ ಆಮೇಲೆ.

ಒಂದು ಚೀಟಿ ಕೊಡುತ್ತಾರೆ. ಯಾವ ವಂಕಿ, ಯಾವ ದಿನ, ಯಾವಾಗ ತೆಗೆಸಬೇಕು ಅಂತ ಅದರಲ್ಲಿ ಇರುತ್ತದೆ. ಅದನ್ನು ತಾಯಿ ಕಾರ್ಡಿನ ಒಳಗೆ ಸಿಕ್ಕಿಸಿ, ಮೊಬೈಲಿನಲ್ಲಿ ಒಂದು ಫೋಟೋ ಕೂಡ ಹೊಡೆದಿಡಿ. ನಮ್ಮ ಮಳೆಗೆ ಕಾಗದ ಉಳಿಯುವುದಿಲ್ಲ.

ದಾರ ನೋಡಿಕೊಳ್ಳುವುದು ಹೇಗೆ

ಇದು ಯಾರೂ ಬಿಡಿಸಿ ಹೇಳದ ಕೆಲಸ. ಸಿಸ್ಟರ್ "ದಾರ ನೋಡ್ಕೊಳ್ಳಿ" ಅಂದುಬಿಡುತ್ತಾರೆ, ನಾವು ನಾಚಿಕೊಂಡು ತಲೆ ಆಡಿಸುತ್ತೇವೆ, ಹೇಗೆ ಅಂತ ಇಬ್ಬರೂ ಮಾತಾಡುವುದಿಲ್ಲ.

ಮುಟ್ಟು ನಿಂತ ಮೇಲೆ ಒಂದು ದಿನ, ಸ್ನಾನಕ್ಕೆ ಹೋದಾಗ, ಕೈ ಸೋಪಿನಲ್ಲಿ ಚೆನ್ನಾಗಿ ತೊಳೆದುಕೊಳ್ಳಿ. ಉಗುರು ಗಿಡ್ಡ ಇರಲಿ. ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಮಧ್ಯದ ಬೆರಳನ್ನು ನಿಧಾನಕ್ಕೆ ಒಳಗೆ, ಹಿಂದಕ್ಕೆ ತಳ್ಳಿ. ಮೂಗಿನ ತುದಿಯಷ್ಟು ಗಟ್ಟಿಯಾಗಿ ಒಂದು ಗುಂಡು ತಾಗುತ್ತದೆ, ಅದೇ ಗರ್ಭಕೋಶದ ಬಾಯಿ. ಅದರ ನಡುವಿನಿಂದ ದಾರ ಇಳಿದಿರುತ್ತದೆ. ಗಾಳಕ್ಕೆ ಕಟ್ಟುವ ನೈಲಾನ್ ದಾರ ಮುಟ್ಟಿದ್ದೀರಲ್ಲ, ಹೆಚ್ಚುಕಮ್ಮಿ ಹಾಗೇ. ಕಾಪರ್ ಟಿಯಲ್ಲಿ ಎರಡು ಎಳೆ. ತಾಗಿತಾ, ಮುಗಿಯಿತು, ಕೈ ತೆಗೆಯಿರಿ. ಎಳೆದು ನೋಡಬೇಡಿ ಮಾರಾಯ್ರೆ, ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡಲು ಅದು ಬಾವಿಯ ಹಗ್ಗ ಅಲ್ಲ.

ಮೊದಲ ಮೂರು ತಿಂಗಳು ಪ್ರತಿ ಮುಟ್ಟಿನ ನಂತರ ನೋಡಿಕೊಂಡರೆ ಒಳ್ಳೆಯದು, ಯಾಕೆಂದರೆ ಜಾರಿ ಬೀಳುವುದಿದ್ದರೆ ಹೆಚ್ಚಾಗಿ ಆಗಲೇ. ಮೊದಲ ವರ್ಷದಲ್ಲಿ ನೂರಕ್ಕೆ ಎರಡರಿಂದ ಹತ್ತು ಜನರಿಗೆ ಹೀಗಾಗುತ್ತದೆ. ಹೆರಿಗೆಯಾದ ಕೂಡಲೇ, ಅಂದರೆ 48 ಗಂಟೆಯೊಳಗೆ ಹಾಕಿಸಿಕೊಂಡವರಲ್ಲಿ ಬೀಳುವುದು ಇನ್ನೂ ಜಾಸ್ತಿ. ಮುಟ್ಟಿನ ದಿನಗಳಲ್ಲಿ ಪ್ಯಾಡ್ ಎಸೆಯುವ ಮೊದಲು ಒಮ್ಮೆ ಕಣ್ಣು ಹಾಯಿಸಿ.

ಬೆರಳಿಗೆ ದಾರದ ಜೊತೆ ಕಡ್ಡಿಯ ತುದಿಯ ಹಾಗೆ ಏನಾದರೂ ಗಟ್ಟಿ ತಾಗಿದರೆ ವಂಕಿ ಅರ್ಧ ಜಾರಿದೆ ಅಂತ ಅರ್ಥ. ದಾರ ಮೊದಲಿಗಿಂತ ಉದ್ದ ಅನಿಸಿದರೂ ಅದೇ ಅನುಮಾನ. ನೀವೇ ಒಳಗೆ ತಳ್ಳಬೇಡಿ, ನೀವೇ ಕೀಳಬೇಡಿ. ತೋರಿಸುವವರೆಗೆ ನಿರೋಧ್ ಬಳಸಿ.

ಗಂಡನಿಗೆ ದಾರ ಚುಚ್ಚುತ್ತದೆ ಅನ್ನುವುದು ಒಂದು ದೂರು. ಮಜಾ ಅಂದರೆ, ದಾರವನ್ನು ತೀರಾ ಗಿಡ್ಡ ಕತ್ತರಿಸಿದರೇ ಅದು ಮುಳ್ಳಿನ ಹಾಗೆ ನಿಲ್ಲುವುದು. 3-4 ಸೆಂಟಿಮೀಟರ್ ಬಿಟ್ಟರೆ ಮೆತ್ತಗೆ ಸುತ್ತಿಕೊಂಡು ಕೂರುತ್ತದೆ.

ದಾರ ಸಿಗಲಿಲ್ಲ, ಈಗ?

ಗಾಬರಿ ಬೇಡ. ದಾರ ಮೇಲಕ್ಕೆ ಸರಿದು ಗರ್ಭಕೋಶದ ಬಾಯೊಳಗೆ ಸುರುಳಿ ಸುತ್ತಿಕೊಂಡಿರುವುದು ತುಂಬಾ ಸಾಮಾನ್ಯ. ವಂಕಿ ತನ್ನ ಜಾಗದಲ್ಲೇ ಇರುತ್ತದೆ. ಸಿಸೇರಿಯನ್ ಸಮಯದಲ್ಲೇ ಹಾಕಿದ್ದರೆ ದಾರ ಕೆಳಗಿಳಿಯಲು ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕಾಗುತ್ತದೆ, ಕೆಲವರಿಗೆ ಇಳಿಯುವುದೇ ಇಲ್ಲ. ಆದರೆ ಗಾಬರಿ ಬೇಡ ಅಂದೆ, ಬಿಟ್ಟುಬಿಡಿ ಅನ್ನಲಿಲ್ಲ. ಹುಡುಕುವುದಕ್ಕೆ ಒಂದು ಕ್ರಮ ಇದೆ, ಆ ಕ್ರಮದಲ್ಲೇ ಆಗಬೇಕು.

ಮೊದಲು ಬಸಿರಿನ ಪರೀಕ್ಷೆ. ಮೂತ್ರದ ಪಟ್ಟಿಯಲ್ಲಿ ನೋಡುತ್ತಾರಲ್ಲ, ಅದು. ಮನೆಯಲ್ಲೇ ಮಾಡಿಕೊಂಡು ಹೋದರೂ ಆಯಿತು. ದಾರ ಮೇಲೆ ಹೋಗಲು ಒಂದು ಕಾರಣ ಗರ್ಭ ನಿಂತು ಗರ್ಭಕೋಶ ಬೆಳೆಯುತ್ತಿರುವುದೂ ಆಗಿರಬಹುದು, ಮತ್ತು ಅದು ತಿಳಿಯದೆ ಮುಂದೆ ಎಕ್ಸ್‌ರೇ ಮಾಡುವ ಹಾಗಿಲ್ಲ.

ಬಸಿರಿಲ್ಲ ಅಂತಾದರೆ ಡಾಕ್ಟರ್ ಒಳಗೆ ಬೆಳಕು ಬಿಟ್ಟು ನೋಡುತ್ತಾರೆ. ಚಿಕ್ಕ ಬ್ರಶ್ ಒಂದನ್ನು ಗರ್ಭಕೋಶದ ಬಾಯಲ್ಲಿ ತಿರುಗಿಸಿದರೆ ಎಷ್ಟೋ ಸಲ ದಾರ ಅದಕ್ಕೇ ಸಿಕ್ಕಿ ಕೆಳಗೆ ಬರುತ್ತದೆ, ಕಥೆ ಅಲ್ಲಿಗೇ ಮುಗಿಯುತ್ತದೆ. ಬರಲಿಲ್ಲವಾ, ಸ್ಕ್ಯಾನಿಂಗ್. ಅದರಲ್ಲಿ ವಂಕಿ ಗರ್ಭಕೋಶದೊಳಗೆ ಸರಿಯಾದ ಜಾಗದಲ್ಲಿ ಕಂಡರೆ, ಅವಧಿಯೂ ಮುಗಿದಿಲ್ಲವಾದರೆ, ಹಾಗೇ ಬಿಡಬಹುದು. ದಾರ ಇಲ್ಲ ಅಂತ ಕೆಲಸ ನಿಲ್ಲುವುದಿಲ್ಲ.

ನನ್ನ ವಿಷಯದಲ್ಲಿ ತಪ್ಪಿದ್ದು ಇದರ ಮುಂದಿನ ಹೆಜ್ಜೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ ಕಂಡರೆ, ವಂಕಿ ಹೊರಗೆ ಬಿದ್ದದ್ದನ್ನು ನೀವು ನೋಡಿಲ್ಲವಾದರೆ, ಇಡೀ ಹೊಟ್ಟೆಯ ಎಕ್ಸ್‌ರೇ ಆಗಲೇಬೇಕು. ಕಾಪರ್ ಟಿಯ ಪ್ಲಾಸ್ಟಿಕ್‌ನಲ್ಲಿ ಬೇರಿಯಂ ಬೆರೆಸಿರುವುದೇ ಎಕ್ಸ್‌ರೇಯಲ್ಲಿ ಕಾಣಲಿ ಅಂತ. ಎದೆಗೂಡಿನ ಕೆಳಗಿನಿಂದ ತೊಡೆಯ ಸಂದಿನವರೆಗೆ ಪೂರ್ತಿ ಬರಬೇಕು, ಬರೀ ಸೊಂಟದ ತುಂಡು ತೆಗೆದರೆ ಮೇಲೆ ಹೋಗಿ ಕೂತದ್ದು ತಪ್ಪಿಹೋಗಬಹುದು. ಎಕ್ಸ್‌ರೇಯಲ್ಲೂ ಇಲ್ಲ ಅಂದಾಗ ಮಾತ್ರ "ಬಿದ್ದು ಹೋಗಿದೆ" ಅನ್ನುವ ಮಾತನ್ನು ಒಪ್ಪಿಕೊಳ್ಳಿ.

ಡಾಕ್ಟರಿಗೆ ಎದುರು ಮಾತಾಡುವುದು ನಮಗೆ ಕಷ್ಟ, ನನಗೂ ಕಷ್ಟವೇ. ಹಾಗಾಗಿ ಸಲೀಸಾದ ಒಂದು ಮಾತು ಬಾಯಿಪಾಠ ಮಾಡಿಕೊಳ್ಳಿ: "ಡಾಕ್ಟ್ರೇ, ಬಿದ್ದದ್ದನ್ನು ನಾನು ನೋಡಿಲ್ಲ, ಒಂದು ಎಕ್ಸ್‌ರೇ ಬರೆದುಕೊಡಿ." ಇದರಲ್ಲಿ ಜಗಳ ಇಲ್ಲ, ಅನುಮಾನ ಇಲ್ಲ. ಯಾರೂ ಬೇಡ ಅನ್ನಲಾರರು.

ಹೊರಗೆ ಹೋದದ್ದು ಅಲ್ಲಿ ಏನು ಮಾಡುತ್ತದೆ

ನಮ್ಮ ಅತ್ತೆ ಕಾಲದವರು ವಂಕಿ ಎದೆಗೆ ಏರುತ್ತದೆ, ತಲೆಗೆ ಹೋಗುತ್ತದೆ ಅಂತ ಹೆದರಿಸುತ್ತಿದ್ದರು. ಅದು ಸುಳ್ಳು, ಗರ್ಭಕೋಶದಿಂದ ತಲೆಗೆ ದಾರಿ ಇಲ್ಲ. ಮೀನಿನ ಬುಟ್ಟಿ ಹೊತ್ತರೆ ಬೀಳುತ್ತದೆ, ಅಡಿಕೆ ಹೊರೆ ಎತ್ತಿದರೆ ಬೀಳುತ್ತದೆ ಅನ್ನುವುದೂ ಬರೀ ಮಾತು. ಆದರೆ ಹೊಟ್ಟೆಯೊಳಗೆ ಹೋಗಬಹುದು, ಅದು ನಿಜ. ಹೆಚ್ಚಾಗಿ ಹಾಕುವ ಹೊತ್ತಿಗೇ ಗೋಡೆ ಚುಚ್ಚಿರುತ್ತದೆ. ಕೆಲವರಲ್ಲಿ ಮೊದಲು ಗೋಡೆಯಲ್ಲಿ ಹೂತು, ನಿಧಾನಕ್ಕೆ ಆಚೆ ದಾಟುತ್ತದೆ.

ಬೇಜಾರಿನ ಸಂಗತಿ ಏನೆಂದರೆ ತುಂಬಾ ಜನರಿಗೆ ನೋವೇ ಇರುವುದಿಲ್ಲ. ನನಗೂ ಇರಲಿಲ್ಲ. ನೋವಿಲ್ಲ ಅಂತ ಅಲ್ಲೇ ಬಿಡುವ ಹಾಗೂ ಇಲ್ಲ, ಯಾಕೆಂದರೆ ತಾಮ್ರಕ್ಕೆ ಹೊಟ್ಟೆಯ ಒಳಗಿನ ಪದರಗಳು ಕೆರಳಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕರುಳಿಗೆ ಅಂಟಬಹುದು, ಅಪರೂಪಕ್ಕೆ ಕರುಳನ್ನೇ ತೂತು ಮಾಡಬಹುದು. ಮೂತ್ರಕೋಶದೊಳಗೆ ಹೊಕ್ಕರೆ ಅದರ ಸುತ್ತ ಕಲ್ಲು ಕಟ್ಟುತ್ತದೆ. ವಂಕಿ ಹಾಕಿಸಿಕೊಂಡವರಿಗೆ ಮತ್ತೆ ಮತ್ತೆ ಉರಿಮೂತ್ರ, ಮೂತ್ರದಲ್ಲಿ ರಕ್ತ, ಎಷ್ಟು ಔಷಧಿ ಕೊಟ್ಟರೂ ತಿರುಗಿ ಬರುವುದು, ಹೀಗೆಲ್ಲ ಆಗುತ್ತಿದ್ದರೆ "ನನಗೆ ವಂಕಿ ಹಾಕಿದ್ದರು, ದಾರ ಸಿಗುತ್ತಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಮೂತ್ರದ ಕಾಯಿಲೆಗೆ ಹೋದಾಗ ವಂಕಿಯ ವಿಷಯ ನಮಗೂ ನೆನಪಾಗುವುದಿಲ್ಲ, ಅವರೂ ಕೇಳುವುದಿಲ್ಲ.

ಹೊರಗೆ ಹೋದದ್ದನ್ನು ತೆಗೆಯಲು ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಚಿಕ್ಕ ಚಿಕ್ಕ ತೂತು ಮಾಡಿ ಕ್ಯಾಮೆರಾದಲ್ಲಿ ನೋಡಿ ತೆಗೆಯುವುದು. ಮೂತ್ರಕೋಶದಲ್ಲಿದ್ದರೆ ಮೂತ್ರದ ದಾರಿಯಿಂದಲೇ ಕ್ಯಾಮೆರಾ ಬಿಟ್ಟು ತೆಗೆಯಬಹುದು. ನನ್ನದು ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರದಲ್ಲಿ ಸುತ್ತಿಕೊಂಡಿತ್ತು. ಕರುಳಿಗೆ ತಾಗಿರಲಿಲ್ಲ, ಪುಣ್ಯ. ಮೂರು ತೂತು, ಮೂರು ಹೊಲಿಗೆ, ಎರಡು ದಿನ ಆಸ್ಪತ್ರೆ. ಅದಕ್ಕಿಂತ ದೊಡ್ಡ ತಲೆನೋವು ಎಲ್ಲಿ ಮಾಡಿಸುವುದು ಅನ್ನುವುದಾಗಿತ್ತು. ಕಾರವಾರವೋ, ಹುಬ್ಬಳ್ಳಿಯೋ, ಮಣಿಪಾಲವೋ, ಗೋವೆಯೋ ಅಂತ ಮನೆಯಲ್ಲಿ ವಾರಗಟ್ಟಲೆ ಚರ್ಚೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಯಿಲೆ ಬಿದ್ದವರಿಗೆ ಇದು ಗೊತ್ತಿರುವ ಸಂಗತಿಯೇ, ಮೊದಲು ಭೂಗೋಳ, ಆಮೇಲೆ ಔಷಧಿ. ತುರ್ತು ಇಲ್ಲದ್ದರಿಂದ ನನಗೆ ಆಯ್ಕೆ ಮಾಡುವ ಸಮಯ ಸಿಕ್ಕಿತು. ಎಲ್ಲದಕ್ಕೂ ಸಿಗುವುದಿಲ್ಲ.

ವಂಕಿ ಇದ್ದೂ ಮುಟ್ಟು ತಪ್ಪಿದರೆ

ಇಲ್ಲಿ ಕಾಯಬೇಡಿ. ಕಾಪರ್ ಟಿ ಇದ್ದೂ ಮೊದಲ ವರ್ಷ ಬಸಿರಾಗುವವರು ನೂರಕ್ಕೆ ಒಬ್ಬರೂ ಇಲ್ಲ. ಆದರೆ ಹಾಗೆ ಬಸಿರಾದರೆ, ಆ ಗರ್ಭ ಗರ್ಭಕೋಶದ ಹೊರಗೆ, ಅಂಡ ಬರುವ ನಾಳದಲ್ಲಿ ನಿಂತಿರುವ ಸಾಧ್ಯತೆ ಉಳಿದ ಬಸಿರಿಗಿಂತ ಜಾಸ್ತಿ. ಮಿರೇನಾ ಥರದ ಹಾರ್ಮೋನ್ ವಂಕಿಯಲ್ಲಂತೂ ನಿಂತ ಗರ್ಭಗಳಲ್ಲಿ ಅರ್ಧದವರೆಗೂ ಹೀಗಿರಬಹುದು. ವಂಕಿಯಿಂದಲೇ ನಾಳದ ಗರ್ಭ ಬರುತ್ತದೆ ಅಂತ ತಪ್ಪು ತಿಳಿಯಬೇಡಿ. ಏನೂ ಬಳಸದವರಿಗಿಂತ ವಂಕಿ ಇರುವವರಲ್ಲಿ ಅದು ಕಮ್ಮಿಯೇ. ಒಳಗೆ ನಿಲ್ಲಬೇಕಾದದ್ದನ್ನು ವಂಕಿ ತಡೆಯುತ್ತದೆ, ಆದ್ದರಿಂದ ತಪ್ಪಿಸಿಕೊಂಡು ನಿಂತದ್ದು ಹೊರಗಿನದ್ದಾಗಿರುವ ಅನುಮಾನ ಹೆಚ್ಚು.

ಮುಟ್ಟು ಒಂದು ವಾರ ತಡವಾಗಿದೆ, ಕೆಳಹೊಟ್ಟೆಯ ಒಂದೇ ಪಕ್ಕ ನೋವು, ಚೂರುಚೂರು ರಕ್ತ ಕಾಣುತ್ತಿದೆ ಅಂದರೆ ಅದೇ ದಿನ ಪರೀಕ್ಷೆ, ಅದೇ ದಿನ ಸ್ಕ್ಯಾನಿಂಗ್. ತಲೆ ತಿರುಗುವುದು, ಕಣ್ಣು ಕತ್ತಲೆ ಬರುವುದು, ಭುಜದ ತುದಿಯಲ್ಲಿ ನೋವು, ಇವು ಸೇರಿದರೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುತ್ತಿರಬಹುದು. ಭುಜಕ್ಕೂ ಹೊಟ್ಟೆಗೂ ಏನು ಸಂಬಂಧ ಅಂತ ನನಗೂ ಅನಿಸಿತ್ತು. ರಕ್ತ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಗೆ ತಾಗಿದಾಗ ಆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದಂತೆ. ಆಗ ವಾಯು ಅಂತ ಓಮದ ಕಷಾಯ ಕುಡಿದು ಮಲಗುವ ಹೊತ್ತಲ್ಲ. 108ಕ್ಕೆ ಫೋನ್ ಮಾಡಿ.

ನಮ್ಮಲ್ಲಿ ಇದಕ್ಕೆ ಮೊದಲೇ ಒಂದು ತಯಾರಿ ಬೇಕು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿ, ಅಂಕೋಲಾದಿಂದ ಕುಮಟಾಕ್ಕೆ ಬರುವುದೇ ಒಂದು ಸಾಹಸ ಆಗಿತ್ತು. ದೇವಿಮನೆ ಘಟ್ಟ, ಅರಬೈಲ್ ಘಟ್ಟ ಮಳೆಗಾಲದಲ್ಲಿ ಯಾವಾಗ ಮುಚ್ಚುತ್ತದೆ ಅಂತ ಹೇಳಲಾಗದು. ನಾಳದ ಗರ್ಭ ಒಡೆದರೆ ಬೇಕಾಗುವುದು ಆಪರೇಷನ್ ಕೋಣೆ, ಅರಿವಳಿಕೆ ಡಾಕ್ಟರ್, ರಕ್ತ. ನಿಮ್ಮ ಮನೆಯಿಂದ ಘಟ್ಟ ದಾಟದೆ ತಲುಪಬಹುದಾದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಈ ಮೂರು ಸಿಗುತ್ತವೆ ಅಂತ ಆಶಾ ಅಕ್ಕನ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ. ನಿಮ್ಮ ರಕ್ತದ ಗುಂಪು ಯಾವುದು ಅಂತ ಗಂಡನಿಗೂ ಗೊತ್ತಿರಲಿ.

ಗರ್ಭ ಒಳಗೇ ನಿಂತಿದೆ ಅಂತಾದರೆ, ದಾರ ಕಾಣುತ್ತಿದ್ದರೆ ವಂಕಿಯನ್ನು ಆದಷ್ಟು ಬೇಗ ತೆಗೆಯುತ್ತಾರೆ. ತೆಗೆಯುವಾಗ ಗರ್ಭ ಹೋಗುವ ಸ್ವಲ್ಪ ಭಯ ಇದೆ, ಆದರೆ ಬಿಟ್ಟರೆ ಗರ್ಭಪಾತ, ಸೋಂಕು, ದಿನ ತುಂಬುವ ಮೊದಲೇ ಹೆರಿಗೆ, ಇವುಗಳ ಭಯ ಅದಕ್ಕಿಂತ ಜಾಸ್ತಿ.

ಸೋಂಕು, ಮುರಿದ ತೋಳು, ಇನ್ನೊಂದೆರಡು

ಸೋಂಕಿನ ಭಯ ಇರುವುದು ಮುಖ್ಯವಾಗಿ ಹಾಕಿಸಿಕೊಂಡ ಮೊದಲ ಮೂರು ವಾರ. ಚಳಿಜ್ವರ, ಕೆಳಹೊಟ್ಟೆ ನೋವು, ವಾಸನೆಯ ಸೆರಗು ಬಂದರೆ ಹೋಗಿ ತೋರಿಸಿ. ಸೋಂಕು ಅಂದ ಕೂಡಲೇ ವಂಕಿ ತೆಗೆಯಲೇಬೇಕು ಅಂತಿಲ್ಲ, ಔಷಧಿ ಶುರು ಮಾಡಿ ಎರಡು ಮೂರು ದಿನ ನೋಡುತ್ತಾರೆ. ತುಂಬಾ ವರ್ಷದಿಂದ ವಂಕಿ ಇದ್ದವರ ಪ್ಯಾಪ್ ಪರೀಕ್ಷೆಯಲ್ಲಿ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪತ್ತೆಗೆ ಮಾಡುವ ಪರೀಕ್ಷೆಯಲ್ಲಿ, ಆಕ್ಟಿನೋಮೈಸಿಸ್ ಅಂತ ಬರೆದು ಬರುತ್ತದೆ ಕೆಲವೊಮ್ಮೆ. ಹೆಸರು ನೋಡಿ ಕ್ಯಾನ್ಸರ್ ಅಂದುಕೊಂಡು ಅತ್ತವರಿದ್ದಾರೆ. ಅದೊಂದು ಬ್ಯಾಕ್ಟೀರಿಯಾ. ನೋವು, ಜ್ವರ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ.

ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಜಾಸ್ತಿ ಹೋಗುವುದು, ಹೊಟ್ಟೆ ನುಲಿಯುವುದು ಕಾಪರ್ ಟಿಯಲ್ಲಿ ಮಾಮೂಲು. ಅದು ಈ ಬರಹದ ವಿಷಯ ಅಲ್ಲ. ಮೊದಲು ಸರಿ ಇದ್ದು ಒಂದು ವರ್ಷದ ಮೇಲೆ ಇದ್ದಕ್ಕಿದ್ದಂತೆ ಶುರುವಾದರೆ ಮಾತ್ರ ವಂಕಿ ಜಾಗ ಬಿಟ್ಟಿದೆಯಾ ಅಂತ ನೋಡಿಸಿ.

ತೆಗೆಸುವಾಗ ನೀವು ಮಾಡಬೇಕಾದ ಕೆಲಸ ಒಂದೇ ಒಂದು. ತೆಗೆದದ್ದನ್ನು ತೋರಿಸಿ ಅಂತ ಕೇಳಿ. ಒಂದು ಕಾಂಡ, ಎರಡು ತೋಳು, ಪೂರ್ತಿ ಟಿ ಇರಬೇಕು. ಅಪರೂಪಕ್ಕೆ ಒಂದು ತೋಳು ಮುರಿದು ಒಳಗೇ ಉಳಿಯುತ್ತದೆ, ಅದರಲ್ಲೂ ಗೋಡೆಯಲ್ಲಿ ಹೂತಿದ್ದಾಗ. ಉಳಿದ ತುಂಡನ್ನು ಗರ್ಭಕೋಶದೊಳಗೆ ಕ್ಯಾಮೆರಾ ಬಿಟ್ಟು ತೆಗೆಯುತ್ತಾರೆ. ಆದರೆ ತುಂಡು ಉಳಿದಿದೆ ಅಂತ ಗೊತ್ತಾಗಬೇಕಲ್ಲ, ಅದಕ್ಕೇ ನೋಡಿ ಅಂದದ್ದು.

ಮರೆತು ಹೋದ ವಂಕಿ

ಇದನ್ನು ತೊಡಕು ಅಂತ ಯಾರೂ ಎಣಿಸುವುದಿಲ್ಲ. ನಮ್ಮ ಚಿಕ್ಕಮ್ಮನಿಗೆ ಅರವತ್ತು ದಾಟಿದೆ. ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿದೆ. ಹೋದ ವರ್ಷ ಮತ್ತೆ ರಕ್ತ ಕಂಡಿತು, ನಾಚಿಕೆಯಿಂದ ಎರಡು ತಿಂಗಳು ಮುಚ್ಚಿಟ್ಟಳು. ಸ್ಕ್ಯಾನಿಂಗ್‌ನಲ್ಲಿ ನೋಡಿದರೆ ವಂಕಿ. ಯಾವಾಗ ಹಾಕಿಸಿದ್ದು ಚಿಕ್ಕಮ್ಮ ಅಂದರೆ, "ಕೊಟ್ಟಿಗೆಗೆ ಹೆಂಚು ಹೊದೆಸಿದ ವರ್ಷ" ಅಂದಳು. ಅದು ಯಾವ ವರ್ಷ ಅಂತ ಚಿಕ್ಕಪ್ಪನಿಗೂ ಗೊತ್ತಿಲ್ಲ.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ವಂಕಿ ತೆಗೆಸಬೇಕು. ತಡಮಾಡಿದಷ್ಟೂ ಗರ್ಭಕೋಶದ ಬಾಯಿ ಬಿಗಿಯಾಗುತ್ತದೆ, ದಾರ ಮೇಲೇರುತ್ತದೆ, ಐದು ನಿಮಿಷದ ಕೆಲಸ ಅರಿವಳಿಕೆ ಕೊಟ್ಟು ಮಾಡುವ ಕೆಲಸ ಆಗುತ್ತದೆ. ಇನ್ನೊಂದು, ಮುಟ್ಟು ನಿಂತವರಿಗೆ ರಕ್ತ ಕಂಡರೆ ವಂಕಿಯದ್ದೇ ಇರಬೇಕು ಅಂತ ಅದರ ತಲೆಗೆ ಕಟ್ಟಿ ಕೂರಬೇಡಿ. ಗರ್ಭಕೋಶದ ಒಳಪದರದ ತುಣುಕನ್ನು ತೆಗೆದು ಪರೀಕ್ಷೆಗೆ ಕಳಿಸುವುದು ಅಗತ್ಯ ಬೀಳಬಹುದು. ಚಿಕ್ಕಮ್ಮನದ್ದೂ ಕಳಿಸಿದರು, ರಿಪೋರ್ಟ್ ಬರುವವರೆಗಿನ ಹತ್ತು ದಿನ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ಏನೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ಅಮ್ಮನನ್ನು, ಅತ್ತೆಯನ್ನು ಒಮ್ಮೆ ಕೇಳಿ ನೋಡಿ. ಗಂಡಸರು ಇಲ್ಲದ ಹೊತ್ತು ನೋಡಿ, ಅಡುಗೆಮನೆಯಲ್ಲಿ ಮೀನು ಕತ್ತರಿಸುವಾಗಲೋ ಹಲಸಿನ ತೊಳೆ ಬಿಡಿಸುವಾಗಲೋ ಕೇಳಿ. "ತೆಗೆಸಿದ್ದೆ ಕಾಣುತ್ತದೆ" ಅಂತ ಉತ್ತರ ಬಂದರೆ ತೆಗೆಸಿಲ್ಲ ಅಂತಲೇ ಲೆಕ್ಕ ಹಿಡಿದು ಒಂದು ಸ್ಕ್ಯಾನಿಂಗ್ ಮಾಡಿಸಿಬಿಡಿ.